ನೀರಿನ ಲೈನಿಗೆ ಡಿಐ ಪೈಪಾ, ಎಚ್‌ಡಿಪಿಇ ಪೈಪಾ?

ಡಿಐ ಅಂದರೆ ಡಕ್ಟೈಲ್ ಐರನ್, ಸುಲಭವಾಗಿ ಒಡೆಯದ ಕಬ್ಬಿಣದ ಪೈಪು; ಎಚ್‌ಡಿಪಿಇ ಅಂದರೆ ಗಟ್ಟಿ ಪ್ಲಾಸ್ಟಿಕ್ ಪೈಪು. ಟೆಂಡರಿನ ದರ ಒಂದನ್ನೇ ನೋಡಬೇಡಿ. ಸರಿಯಾಗಿ ಹಾಕಿದರೆ ಎರಡೂ 50 ವರ್ಷ ಬಾಳುತ್ತವೆ, ಅಷ್ಟೂ ವರ್ಷದ ಸೋರಿಕೆ, ರಿಪೇರಿ, ಪಂಪಿನ ಕರೆಂಟು ಎಲ್ಲ ಸೇರಿಸಿ ಲೆಕ್ಕ ಹಾಕಬೇಕು ಅಲ್ವಾ?

ಸೋರಿಕೆ ವಿಷಯದಲ್ಲಿ ಎಚ್‌ಡಿಪಿಇ ಮೇಲು. ಜಾಯಿಂಟುಗಳನ್ನು ಕಾಯಿಸಿ ಬೆಸೆಯುವುದರಿಂದ ಇಡೀ ಲೈನ್ ಒಂದೇ ಪೈಪಿನಂತಾಗುತ್ತದೆ, ಆದರೆ ಬೆಸೆಯುವವರ ಕೈ ಪಳಗಿರದಿದ್ದರೆ ತಲೆನೋವು ಶುರುವಾಗುವುದೂ ಅಲ್ಲೇ. ತುಕ್ಕಿನ ಕಾಟವಿಲ್ಲ. ಉಪ್ಪು ಮಣ್ಣು, ಕುಸಿಯುವ ನೆಲಕ್ಕೆ ಇದೇ ಸರಿ. ಪೆಟ್ರೋಲ್, ಡೀಸೆಲ್ ಇಂಗಿದ ಮಣ್ಣಿದ್ದರೆ ಮಾತ್ರ ಬೇಡ, ಅದು ಪ್ಲಾಸ್ಟಿಕ್ ದಾಟಿ ನೀರಿಗೆ ಸೇರಬಹುದು.

ದೊಡ್ಡ ಪೈಪು, ಜಾಸ್ತಿ ಒತ್ತಡ, ಮೇಲೆ ಲಾರಿ ಓಡುವ ರಸ್ತೆ ಅಂದರೆ ನಾನು ಡಿಐ ಕಡೆ. ಲೋಹವಾದ್ದರಿಂದ ನೆಲದಡಿ ಎಲ್ಲಿದೆ ಎಂದು ಹುಡುಕುವುದೂ ಸುಲಭ. ಎಚ್‌ಡಿಪಿಇ ಜೊತೆ ಲೋಹದ ತಂತಿ ಹೂಳದಿದ್ದರೆ, ಆಮೇಲೆ ಸುಮ್ನೆ ಅಗೆಯುತ್ತಾ ಕೂರಬೇಕು.