ಗೆಡ್ಡೆ ಮಾತ್ರ ತೆಗೆಸುವುದೋ, ಇಡೀ ಮೊಲೆಸಾಲನ್ನೋ?

ಹೆಣ್ಣು ನಾಯಿಯ ಎದೆ, ಹೊಟ್ಟೆಯ ಮೊಲೆಗಳಲ್ಲಿ ಗೆಡ್ಡೆ ಸಿಕ್ಕರೆ ಡಾಕ್ಟರ್ ಮುಂದಿಡುವ ದಾರಿ ಮುಖ್ಯವಾಗಿ ಎರಡು. ನಮ್ಮ ತೋಟದ ಮನೆಯಲ್ಲಿ ಎರಡನ್ನೂ ನೋಡಿದ್ದೇನೆ. ಚಿನ್ನಿಗೆ ಗೆಡ್ಡೆ ಮಾತ್ರ ತೆಗೆದರು. ಬೆಳ್ಳಿಗೆ ಒಂದು ಬದಿಯ ಸಾಲನ್ನೇ ತೆಗೆದರು.

ಚಿನ್ನಿಯದು ಅಡಿಕೆಗಿಂತ ಚಿಕ್ಕದು, ಬೆರಳಿಗೆ ಸಿಕ್ಕಿ ಜಾರುತ್ತಿತ್ತು. ಮಡಿಕೇರಿಯಲ್ಲಿ ಬೆಳಗ್ಗೆ ಆಪರೇಷನ್, ಸಂಜೆ ಮನೆ. ಮಾರನೇ ದಿನ ಅವಳನ್ನು ಓಡದಂತೆ ಹಿಡಿದಿಡುವುದೇ ಕಷ್ಟವಾಯಿತು. ಖರ್ಚೂ ಕಡಿಮೆ, ನೋವೂ ಕಡಿಮೆ. ಆದರೆ ಉಳಿದ ಮೊಲೆಗಳಲ್ಲಿ ಹೊಸ ಗೆಡ್ಡೆ ಬರಬಹುದು ಎಂಬ ಅಳುಕು ಹೋಗುವುದಿಲ್ಲ. ಈಗಲೂ ಆಗಾಗ ಮಲಗಿಸಿ ಒಂದೊಂದೇ ಒತ್ತಿ ನೋಡುತ್ತೇನೆ.

ಬೆಳ್ಳಿಗೆ ಒಂದೇ ಸಾಲಿನಲ್ಲಿ ಮೂರು ಗೆಡ್ಡೆ. ಹಿಂಗಾಲಿನ ಹತ್ತಿರದ್ದು ದೊಡ್ಡದು. ನಾಯಿಗೆ ಸಾಮಾನ್ಯವಾಗಿ 5 ಜೊತೆ ಮೊಲೆ, ಹಿಂದಿನ ಎರಡು ಜೊತೆಯಲ್ಲೇ ಗೆಡ್ಡೆ ಜಾಸ್ತಿ. ಮೈಸೂರಿಗೆ ಕರೆದುಕೊಂಡು ಹೋದೆವು. ಶ್ವಾಸಕೋಶಕ್ಕೆ ಹರಡಿದೆಯಾ ಎಂದು ಮೊದಲು ಎಕ್ಸ್‌ರೇ ತೆಗೆದರು. ಇದನ್ನು ಯಾರೂ ಬಿಡಬಾರದು.

ಆಮೇಲಿನ ದಿನಗಳು ಕಷ್ಟ. ಹೊಲಿಗೆ ಎದೆಯಿಂದ ತೊಡೆಸಂದಿನವರೆಗೆ. ತೊಡೆಸಂದಿಯಲ್ಲಿ ನೀರು ತುಂಬಿ ಊದಿಕೊಂಡಿತು. ಹೆಜ್ಜೆ ಇಟ್ಟಾಗಲೆಲ್ಲ ಚರ್ಮ ಬಿಗಿದು ನಿಂತುಬಿಡುತ್ತಿದ್ದಳು. ಅದೂ ಕಕ್ಕಡದ ಮಳೆ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟ್‌ನ ಜೋರು ಮಳೆ. ಹಳೇ ಬನಿಯನ್ನಿಗೆ ಹಿಂಗಾಲು ತೂರುವಂತೆ ತೂತು ಮಾಡಿ ತೊಡಿಸಿದೆ. ಒದ್ದೆಯಾದ ಕೂಡಲೇ ಬದಲಿಸಿ, ಇನ್ನೊಂದನ್ನು ಒಲೆ ಪಕ್ಕ ಒಣಗಿಸುತ್ತಿದ್ದೆ. ಈ ಹವೆಯಲ್ಲಿ ಗಾಯದ ಮೇಲೆ ನೊಣ ಕೂತರೆ ಹುಳ ಬೀಳುತ್ತದೆ, ಅಲ್ವಾ?

ಆದರೂ ಬೆಳ್ಳಿಯಂಥ ನಾಯಿಗೆ ನಾನು ಇದನ್ನೇ ಆರಿಸುತ್ತೇನೆ. ಮೂರು ಕಡೆ ಬೇರೆ ಬೇರೆಯಾಗಿ ಕೊಯ್ಯಿಸುವುದಕ್ಕಿಂತ ಒಂದೇ ಸಲ ಮುಗಿಸುವುದು ವಾಸಿ. ಗೆಡ್ಡೆ ಒಂದೇ, ತೀರಾ ಚಿಕ್ಕದು, ಒಳಗೆ ಅಂಟಿಕೊಂಡಿಲ್ಲ ಅಂದರೆ ಚಿನ್ನಿಗೆ ಮಾಡಿಸಿದ್ದು ಸಾಕು. ಸುತ್ತಲಿನ ಒಳ್ಳೆಯ ಮಾಂಸವೂ ಸ್ವಲ್ಪ ಸೇರಿ ಬರಬೇಕು. ಯಾವುದೇ ಆಗಲಿ, ತೆಗೆದದ್ದನ್ನು ಕೊಳೆಯದಂತೆ ಕಾಪಾಡುವ ಫಾರ್ಮಾಲಿನ್ ದ್ರಾವಣದಲ್ಲಿ ಹಾಕಿಸಿ ಲ್ಯಾಬಿಗೆ ಕಳಿಸಿ. ಇಂಥ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್. ಮುಟ್ಟಿ ನೋಡಿ ಹೇಳಲು ಯಾರಿಂದಲೂ ಆಗದು.

ಒಮ್ಮೆ ಮರಿ ಹಾಕಿದರೆ ಗೆಡ್ಡೆ ಬರಲ್ಲ ಎಂದು ಸುಮ್ನೆ ಹೇಳುತ್ತಾರೆ, ನಂಬಬೇಡಿ. ಅಪಾಯ ನಿಜವಾಗಿ ತಗ್ಗುವುದು ಮೊದಲ ಬೆದೆಗೆ ಮುಂಚೆ ಅಂಡಾಶಯ ತೆಗೆಸಿದಾಗ. ಬೆಳ್ಳಿಯ ಪಕ್ಕದಲ್ಲಿ ಬೆಳೆಯುತ್ತಿರುವ ಮರಿಗೆ ಮಳೆ ನಿಂತ ಕೂಡಲೇ ಅದನ್ನು ಮಾಡಿಸುತ್ತೇವೆ.