ವೆಬ್‌ಸೈಟ್ ಮಾಡಿಸೋರು ಬಾಕಿ ದುಡ್ಡು ಕೊಡೋಕೆ ಮುಂಚೆ ಇದನ್ನ ಓದಿ

ಕೋಲಾರದಲ್ಲಿ ಕೂತ್ಕೊಂಡು ನಮ್ದೇ ವೆಬ್‌ಸೈಟಲ್ಲಿ ಟೊಮೆಟೊ ಅಂತ ಹುಡುಕಿದ್ರೆ ಸೊನ್ನೆ ರಿಸಲ್ಟು! ಹೊಟ್ಟೆ ಉರಿಯುತ್ತೆ. ನಮ್ದು ತರಕಾರಿ ಸಸಿ ನರ್ಸರಿ, ಮುಳಬಾಗಿಲು ಶ್ರೀನಿವಾಸಪುರದ ರೈತರು ಫೋನಲ್ಲೇ ತಳಿ ನೋಡಿ ಬುಕ್ ಮಾಡ್ಲಿ ಅಂತ ಒಬ್ಬನ ಹತ್ರ ವೆಬ್‌ಸೈಟ್ ಮಾಡಿಸ್ದೆ, 28,000ಕ್ಕೆ ಮಾತಾಗಿ ಅರ್ಧ ಅಡ್ವಾನ್ಸ್ ಕೊಟ್ಟಿದ್ದೆ.

ಮುಗೀತು ಅಂತ ಬಂದ. ಅವನ ಹಳೇ ಮ್ಯಾಕ್ ಲ್ಯಾಪ್‌ಟಾಪ್ ತೆಗೆದು, ಪಟ್ಟಿಯಲ್ಲಿದ್ದ ಟೊಮೆಟೊ ಅನ್ನೋ ಹೆಸರು ಕಾಪಿ ಮಾಡಿ ಸರ್ಚ್ ಬಾಕ್ಸಿಗೆ ಪೇಸ್ಟ್ ಮಾಡ್ದ, ಟಕ್ ಅಂತ ಎಲ್ಲಾ ತಳಿ ಬಂತು, ನಾನು ಖುಷಿಯಲ್ಲಿ ಅಲ್ಲೇ ಬಾಕಿ 14,000 ಹಾಕ್ಬಿಟ್ಟೆ. ಟೈಪ್ ಮಾಡ್ಲೇ ಇಲ್ಲ ಅವನು, ಪೇಸ್ಟ್ ಮಾಡ್ದ! ಪಕ್ಕದಲ್ಲೇ ಕೂತಿದ್ದೆ, ನೋಡ್ತಾನೇ ಇದ್ದೆ.

ರಾತ್ರಿ ನನ್ನ ಫೋನಲ್ಲಿ ಟೈಪ್ ಮಾಡಿದ್ರೆ ಏನೂ ಇಲ್ಲ. ಅಂಗಡಿ ವಿಂಡೋಸ್ ಕಂಪ್ಯೂಟರಲ್ಲೂ ಇಲ್ಲ. ಬದನೆ ಬರುತ್ತೆ, ಮೆಣಸಿನಕಾಯಿ ಬರುತ್ತೆ, ಟೊಮೆಟೊ ಇಲ್ಲ, ಹೂಕೋಸು ಇಲ್ಲ, ಬೀನ್ಸ್ ಇಲ್ಲ.

ಕೇಳಿದ್ರೆ "ನಿಮ್ ಕೀಬೋರ್ಡ್ ಸರಿ ಇಲ್ಲ ಅಣ್ಣ". ಆಮೇಲೆ "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ". ಆಮೇಲೆ "ಸರ್ವರ್ ಲಿನಕ್ಸು, ನಿಮ್ದು ವಿಂಡೋಸು, ಸ್ವಲ್ಪ ಹಂಗೇ ಇರುತ್ತೆ". ಕೊನೆಗೆ "ದೊಡ್ಡ ಸರ್ವರ್ ತಗೊಳ್ಳಿ, ವರ್ಷಕ್ಕೆ 6,000 ಜಾಸ್ತಿ ಅಷ್ಟೇ" ಅಂದ, ಅಷ್ಟೇ ಅಂತೆ!

ನಮ್ಮಕ್ಕನ ಮಗ ಇಂಜಿನಿಯರಿಂಗ್ ಓದ್ತಾನೆ, ಅವನು ಎರಡೂ ಪದ ತಗೊಂಡು ಒಳಗಿನ ಕೋಡ್ ಎಣಿಸ್ದ. ನಾನು ಟೈಪ್ ಮಾಡಿದ ಟೊಮೆಟೊದಲ್ಲಿ 6, ಪಟ್ಟಿಯಲ್ಲಿರೋ ಟೊಮೆಟೊದಲ್ಲಿ 8. ಕಣ್ಣಿಗೆ ಎರಡೂ ಒಂದೇ! ಯೂನಿಕೋಡಲ್ಲಿ, ಅಂದ್ರೆ ಕಂಪ್ಯೂಟರಿಗೆ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಕೋಡ್ ಕೊಡೋ ಪದ್ಧತಿಯಲ್ಲಿ, ಒತ್ವ (ಟೊದಲ್ಲಿರೋ ಚಿಹ್ನೆ) ಒಂದೇ ಕೋಡಾಗೂ ಇರಬಹುದು, ಎತ್ವ ಊತ್ವ ಅಂತ ಎರಡಾಗೂ ಇರಬಹುದಂತೆ, ದೀರ್ಘದ ಈತ್ವ ಓತ್ವಕ್ಕೂ (ಬೀನ್ಸ್‌ನ ಬೀ, ಹೂಕೋಸಿನ ಕೋ) ಹಂಗೇ. ವೆಬ್‌ಸೈಟ್ ಮಾಡಿದವನು ಪಟ್ಟಿ ಮಾಡಿದ್ದು ಫೋಟೋ ಫೈಲ್ ಹೆಸರುಗಳಿಂದ, ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಫೈಲ್ ಇಡೋ ಪದ್ಧತಿ) ಡಿಸ್ಕು ಫೈಲ್ ಹೆಸರನ್ನ ಹಂಗೆ ಬಿಡಿಸಿ ಇಡುತ್ತೆ, ಫೋನು ವಿಂಡೋಸು ಕೂಡಿಸಿ ಕಳಿಸುತ್ತೆ, ಸರ್ವರ್‌ಗೆ ಅವೆರಡೂ ಬೇರೆ ಬೇರೆ ಪದ. ಪಟ್ಟಿಗೂ ಹುಡುಕೋ ಪದಕ್ಕೂ ಎರಡಕ್ಕೂ ಎನ್‌ಎಫ್‌ಸಿ ನಾರ್ಮಲೈಸೇಶನ್, ಅಂದ್ರೆ ಬಿಡಿಸಿದ ಕೋಡನ್ನ ಕೂಡಿಸಿ ಒಂದೇ ರೂಪಕ್ಕೆ ತರೋದು, ಹಾಕಿದ್ರೆ ಮುಗೀತು. ಸರ್ವರ್ ದೊಡ್ಡದು ಮಾಡಿದ್ರೆ ಇದು ಸರಿಹೋಗಲ್ಲ, 6,000 ಎಲ್ಲಿಂದ ಬಂತು ಹಂಗಾದ್ರೆ?

ದಯವಿಟ್ಟು ನಿಮ್ಮ ಕೈಯಲ್ಲೇ, ನಿಮ್ಮ ಫೋನಲ್ಲೇ, ಕನ್ನಡದಲ್ಲೇ ಟೈಪ್ ಮಾಡಿ ನೋಡಿ, ಇನ್ನೊಂದು ಕಂಪ್ಯೂಟರಲ್ಲೂ ನೋಡಿ, ಪೇಸ್ಟ್ ಮಾಡೋಕೆ ಬಿಡ್ಬೇಡಿ. ಒತ್ವ ಓತ್ವ ಈತ್ವ ಇರೋ ಪದಾನೇ ಹುಡುಕಿ. ಅದಾದ್ಮೇಲೇ ಬಾಕಿ.

ಕೋಡ್ ಎಣಿಸಿದ್ದನ್ನ ಫೋಟೋ ಹೊಡೆದು ಅವನಿಗೆ ಕಳಿಸ್ದೆ. "ಇದು ಹೊಸ ಕೆಲಸ ಅಣ್ಣ, ಬೇರೆ ಚಾರ್ಜ್ ಆಗುತ್ತೆ" ಅಂತ ಉತ್ತರ ಬಂತು. ಈಗ ಫೋನೂ ಎತ್ತಲ್ಲ.