ಹರ್ಷಿ, ಕಾರ್ಲೈಲ್, ಇಬೇ, ಗುಜರಿ: ಹಳೇ ಮಸ್ಟಾಂಗ್‌ನ ಅಸಲಿ ಪಾರ್ಟು ಎಲ್ಲಿ ಕೊಳ್ಳಬೇಕು, ಎಲ್ಲಿ ಮಾರಬೇಕು?

ನನ್ನ ಹತ್ತಿರ ಇರುವುದು 1965ರ ಫೋರ್ಡ್ ಮಸ್ಟಾಂಗ್. 289 ಕ್ಯೂಬಿಕ್ ಇಂಚಿನ ವಿ8 ಇಂಜಿನ್. ವಾಸ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಈ ಕಾರಿಗೆ ಪಾರ್ಟು ಸಿಗುವುದಿಲ್ಲ ಅನ್ನುವ ಚಿಂತೆಯೇ ಇಲ್ಲ. ಬಾಗಿಲಿನ ರಬ್ಬರಿನಿಂದ ಹಿಡಿದು ಪೂರ್ತಿ ಬಾಡಿಯವರೆಗೆ ಎಲ್ಲವನ್ನೂ ಇವತ್ತಿಗೂ ಹೊಸದಾಗಿ ತಯಾರಿಸಿ ಮಾರುತ್ತಾರೆ. ತಲೆನೋವು ಶುರುವಾಗುವುದು ಅಸಲಿಯೇ ಬೇಕು ಅಂದಾಗ. ಆ ಕಾಲದ ಮುದ್ರೆ, ಆ ಕಾಲದ ತಾರೀಖು, ಆ ಕಾಲದ ಉಕ್ಕು.

ಹಳೇ ಕಾರಿನ ಹರ್ಷಿ ಸಂತೆ, ಕಾರ್ಲೈಲ್ ಸಂತೆ, ಆನ್‌ಲೈನ್ ಹರಾಜಿನ ಇಬೇ, ಗುಜರಿ ಅಂಗಳ, ಹೊಸ ಪಾರ್ಟಿನ ಕ್ಯಾಟಲಾಗ್. ಇವೆಲ್ಲದರಲ್ಲೂ ಕೊಂಡಿದ್ದೇನೆ. ಕ್ಯಾಟಲಾಗ್, ಗುಜರಿ ಬಿಟ್ಟು ಉಳಿದ ಕಡೆ ಮಾರಿಯೂ ನೋಡಿದ್ದೇನೆ. ನನ್ನ ಲೆಕ್ಕ ಇಷ್ಟೇ: ಕೊಳ್ಳುವುದಾದರೆ ಆ ಪಾರ್ಟಿನ ಬೆಲೆ ಸರಿಯಾಗಿ ಗೊತ್ತಿಲ್ಲದವರ ಹತ್ತಿರ ಕೊಳ್ಳಬೇಕು. ಮಾರುವುದಾದರೆ ಚೆನ್ನಾಗಿ ಗೊತ್ತಿರುವವರ ನಡುವೆ ಮಾರಬೇಕು. ಹಾಗಾಗಿ ಎರಡಕ್ಕೂ ಒಂದೇ ಜಾಗ ಆಗುವುದಿಲ್ಲ.

ಎಲ್ಲಿಗೆ ಹೋದರೂ ಮೊದಲು ನಂಬರ್ ಓದಲು ಬರಬೇಕು. ಫೋರ್ಡಿನ ಪದ್ಧತಿ ನೋಡಲು ಗೊಂದಲ, ಆದರೆ ಒಂದು ಸಂಜೆ ಕೂತರೆ ಬರುತ್ತದೆ. ಡಬ್ಬದ ಮೇಲೆ ಸಿ5ಝಡ್‌ಝಡ್-13450 ಅಂತ ಇದೆ ಅನ್ನಿ. 'ಸಿ' ಅಂದರೆ ಅರವತ್ತರ ದಶಕ, 5 ಅಂದರೆ ಅದರೊಳಗಿನ ವರ್ಷ, ಅಲ್ಲಿಗೆ 1965. ಮೊದಲನೇ 'ಝಡ್' ಮಸ್ಟಾಂಗ್. ಎರಡನೇ 'ಝಡ್' ಅಂದರೆ ಅಂಗಡಿ ಕೌಂಟರಿನಲ್ಲಿ ಮಾರುವ ಸ್ಪೇರ್ ಪಾರ್ಟು. ಆಮೇಲಿನ 13450 ಹಿಂದಿನ ದೀಪದ ಗಾಜು. ಯಾವ ಫೋರ್ಡ್ ಕಾರಾದರೂ ಆ ನಂಬರ್ ಬದಲಾಗುವುದಿಲ್ಲ. ಕಾರ್ಬುರೇಟರ್ ಆದರೆ ಎಲ್ಲ ಕಡೆ 9510.

ಡಬ್ಬದ ನಂಬರ್ ಮತ್ತು ಪಾರ್ಟಿನ ಮೇಲೆ ಎರಕದಲ್ಲೇ ಬಂದಿರುವ ನಂಬರ್ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಹೊಸಬರು ಇಲ್ಲೇ ಗಾಬರಿಯಾಗುತ್ತಾರೆ. ಪಾರ್ಟಿನ ಮೇಲಿನ ನಾಲ್ಕನೇ ಅಕ್ಷರ ಅದನ್ನು ವಿನ್ಯಾಸ ಮಾಡಿದ ವಿಭಾಗದ್ದು. 'ಬಿ' ಬಾಡಿ, 'ಇ' ಇಂಜಿನ್. 1965ರ 289 ಇಂಜಿನ್ನಿನ ಬ್ಲಾಕ್, ಅಂದರೆ ಅದರ ಮುಖ್ಯ ಎರಕದ ಮೇಲೆ ಸಿ5ಎಇ ಅಂತ ಇರುತ್ತದೆ. ಅಲ್ಲಿನ 'ಎ' ದೊಡ್ಡ ಗ್ಯಾಲಕ್ಸಿ ಕಾರಿನ ಗುರುತು. ಹಾಗಂತ ಬೇರೆ ಕಾರಿನ ಇಂಜಿನ್ ತಂದು ಕೂರಿಸಿದ್ದಾರೆ ಅಂತಲ್ಲ. ಅದೇ ಬ್ಲಾಕ್ ಹಲವು ಕಾರುಗಳಿಗೆ ಹೋಗುತ್ತಿತ್ತು, ಅಷ್ಟೇ.

ಇದರ ಜೊತೆಗೆ ತಾರೀಖಿನ ಗುರುತು. 5ಸಿ14 ಅಂದರೆ 1965, ಮಾರ್ಚ್ 14. ಮೊದಲು ವರ್ಷದ ಕೊನೆಯ ಅಂಕಿ, ಆಮೇಲೆ ತಿಂಗಳಿನ ಅಕ್ಷರ, ಆಮೇಲೆ ದಿನ. ತಿಂಗಳಿಗೆ 'ಎ'ಯಿಂದ ಶುರು, 'ಐ' ಮಾತ್ರ ಬಿಟ್ಟಿದ್ದಾರೆ, ಡಿಸೆಂಬರಿಗೆ 'ಎಂ'. ಕಾರು ಎಷ್ಟು ಅಸಲಿ ಅಂತ ನೋಡುವ ಸ್ಪರ್ಧೆಗೆ ಒಯ್ಯುವವರಿಗೆ ಈ ನಾಲ್ಕು ಅಕ್ಷರವೇ ಪ್ರಾಣ. ಪಾರ್ಟಿನ ತಾರೀಖು ಕಾರು ಜೋಡಣೆಯಾದ ದಿನಕ್ಕಿಂತ ಸ್ವಲ್ಪ ಮೊದಲಿನದಾಗಿರಬೇಕು. ಆಮೇಲಿನದಾದರೆ ಅದು ಆ ಕಾರಿನ ಜೊತೆ ಹುಟ್ಟಿದ್ದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ?

ಈಗ ಸಂತೆಗಳು. ಹರ್ಷಿ ಅಂದರೆ ಚಾಕೊಲೇಟ್ ಊರು. ಅಲ್ಲಿ ಆಂಟಿಕ್ ಆಟೋಮೊಬೈಲ್ ಕ್ಲಬ್ ಆಫ್ ಅಮೆರಿಕಾ ಪ್ರತಿ ಅಕ್ಟೋಬರಿನಲ್ಲಿ ಹಳೇ ಕಾರಿನ ಸಂತೆ ನಡೆಸುತ್ತದೆ. 1955ರಿಂದ ನಡೆದುಬಂದದ್ದು. ಸಾವಿರಾರು ಮಳಿಗೆ, ಮೈದಾನಗಳಿಗೆ ಚಾಕೊಲೇಟ್, ಕೆಂಪು, ಹಸಿರು, ಕಿತ್ತಳೆ ಅಂತ ಹೆಸರು. ಮೊದಲೆಲ್ಲ ಮಳೆ ಬಂದರೆ ಮೊಣಕಾಲುದ್ದ ಕೆಸರಂತೆ. ಹಳಬರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈಗ ಬಹುಪಾಲು ಡಾಂಬರು. ಕೈಗಾಡಿ ಎಳೆದುಕೊಂಡು ಹೋಗದಿದ್ದರೆ ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ.

ಅಲ್ಲಿಂದ ಮುಕ್ಕಾಲು ಗಂಟೆ ದಾರಿ ಕಾರ್ಲೈಲ್. 1974ರಲ್ಲಿ ಬಿಲ್ ಮಿಲ್ಲರ್, ಚಿಪ್ ಮಿಲ್ಲರ್ ಅನ್ನುವ ಇಬ್ಬರು ಗೆಳೆಯರು ಶುರು ಮಾಡಿದ್ದು. ಇಲ್ಲಿ ವಸಂತದಲ್ಲೊಂದು, ಶರತ್ಕಾಲದಲ್ಲೊಂದು ದೊಡ್ಡ ಸಂತೆ. ಅದರ ಮೇಲೆ ಒಂದೊಂದು ಕಂಪನಿಗೆ, ಒಂದೊಂದು ಕಾರಿಗೆ ಬೇರೆ ಬೇರೆ ಮೇಳ. ಜೂನ್‌ನಲ್ಲಿ ಫೋರ್ಡಿನದು, ಆಗಸ್ಟಿನಲ್ಲಿ ಷೆವರ್ಲೆಯ ಕಾರ್ವೆಟ್ಟಿನದು.

ಮಸ್ಟಾಂಗ್ ಪಾರ್ಟಿಗೆ ಫೋರ್ಡ್ ಮೇಳಕ್ಕೇ ಹೋಗಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಕೊಳ್ಳುವವರಿಗೆ ನಾನು ಹಾಗೆ ಹೇಳುವುದಿಲ್ಲ. ಅಲ್ಲಿ ಮೇಜಿನ ಹಿಂದೆ ಕೂತವರಿಗೆ ಪ್ರತಿ ಪಾರ್ಟಿನ ಜಾತಕ ಬಾಯಿಪಾಠ. ಆಟೋಲೈಟ್ 4100 ಕಾರ್ಬುರೇಟರಿಗೆ ಅದರ ತಗಡಿನ ಬಿಲ್ಲೆ ಇನ್ನೂ ಅಂಟಿಕೊಂಡಿದ್ದರೆ ಬೆಲೆ ಒಂದು, ಬಿಲ್ಲೆ ಹೋಗಿದ್ದರೆ ಇನ್ನೊಂದು. ಚೌಕಾಸಿಗೆ ಜಾಗವೇ ಇಲ್ಲ. ಹರ್ಷಿಯಲ್ಲಿ ಫೋರ್ಡಿನ ಇನ್ನೂ ಹಳೇ ಮಾಡೆಲ್ ಎ, ಹಿತ್ತಾಳೆ ದೀಪದ ಕಾಲದ ಕಾರುಗಳದೇ ದರ್ಬಾರು. ಅಂಥ ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬ ಇರುತ್ತದೆ, ಅದರೊಳಗೆ ಯಾವುದೋ ಮನೆಯ ಗ್ಯಾರೇಜ್ ಖಾಲಿ ಮಾಡುವಾಗ ಬಂದ ಅರವತ್ತರ ದಶಕದ ಸಾಮಾನು. ಮಾರುವವನಿಗೆ ಅದರ ಮೇಲೆ ಆಸೆಯಿಲ್ಲ. ನನ್ನ ಕಾರಿನ ಹಾರ್ನು, ಗಡಿಯಾರ, ಹಿಂದಿನ ದೀಪದ ಚೌಕಟ್ಟು ಎಲ್ಲ ಅಂಥ ಡಬ್ಬಗಳಿಂದಲೇ ಬಂದವು. ಬೇಕಾದ್ದನ್ನು ಮೊದಲು ಕೇಳಬೇಡಿ. ಪಕ್ಕದ ನಾಲ್ಕು ಸಾಮಾನು ಸೇರಿಸಿ, ಎಲ್ಲದಕ್ಕೂ ಸೇರಿ ಎಷ್ಟು ಅಂತ ಕೇಳಿ. ಮಲ್ಲೇಶ್ವರದ ಮಾರ್ಕೆಟ್ಟಲ್ಲಿ ಕಲಿತ ವಿದ್ಯೆ ಅಲ್ಲೂ ನಡೆಯುತ್ತದೆ.

ಸಂತೆಯ ಇನ್ನೊಂದು ಲಾಭ, ಪಾರ್ಟನ್ನು ಮುಟ್ಟಿ ನೋಡಬಹುದು. ದೀಪದ ಚೌಕಟ್ಟು, ಲಾಂಛನಗಳಂಥವನ್ನು ಆಗ ಸತುವಿನ ಎರಕದಲ್ಲಿ ಮಾಡುತ್ತಿದ್ದರು. ಕಾಲ ಕಳೆದಂತೆ ಕ್ರೋಮಿನ ಅಡಿಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಫೋಟೋದಲ್ಲಿ ಕಾಣುವುದಿಲ್ಲ, ಬೆರಳಿಗೆ ತಕ್ಷಣ ಸಿಗುತ್ತದೆ. ಅಂಥದ್ದಕ್ಕೆ ಮತ್ತೆ ಕ್ರೋಮ್ ಹಾಕಿಸುವುದು ಬಹಳ ದುಬಾರಿ. ವಿಷದ ರಾಸಾಯನಿಕ ಅಂತ ನಿಯಮ ಬಿಗಿಯಾಗಿ, ಆ ಕೆಲಸ ಮಾಡುವವರೂ ಕಮ್ಮಿಯಾಗಿದ್ದಾರೆ.

ಇಬೇಯಲ್ಲಿ ಕೊಳ್ಳುವುದು ಸುಲಭ, ಅಗ್ಗವಲ್ಲ. ಅದೇ ಪಾರ್ಟಿಗೆ ದೇಶದ ಇನ್ನೊಂದು ತುದಿಯಿಂದಲೂ ಯಾರೋ ಬೆಲೆ ಕೂಗುತ್ತಿರುತ್ತಾರೆ. ನಾನು ಅದನ್ನು ಹೆಚ್ಚಾಗಿ ಬೆಲೆ ತಿಳಿಯಲು ಬಳಸುತ್ತೇನೆ. ಮಾರುವವರು ಕೇಳುವ ಬೆಲೆ ನೋಡಬೇಡಿ, ಅದು ಆಕಾಶದಲ್ಲಿರುತ್ತದೆ. ಮಾರಾಟವಾದವು ಅಂತ ಬೇರೆ ಮಾಡಿ ನೋಡಿ, ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ಗೊತ್ತಾಗುತ್ತದೆ. ಸಂತೆಯಲ್ಲಿ ನಿಂತೇ ಫೋನಿನಲ್ಲಿ ನೋಡಿಕೊಳ್ಳಬಹುದು.

ಆನ್‌ಲೈನಿನ ಮುಖ್ಯ ಅಪಾಯ ಡಬ್ಬ. ಆ ಕಾಲದಲ್ಲಿ ತಯಾರಾಗಿ, ಯಾವ ಕಾರಿಗೂ ಹಾಕದೆ ಹಾಗೇ ಉಳಿದ ಪಾರ್ಟಿಗೆ ಇಲ್ಲಿ ಎನ್‌ಒಎಸ್ ಅನ್ನುತ್ತಾರೆ. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಬೆಲೆ. ಹಾಗಾಗಿ ಖಾಲಿ ಹಳೇ ಡಬ್ಬಕ್ಕೂ ಬೆಲೆ ಬಂದಿದೆ. ಒಬ್ಬ ಮಾರಾಟಗಾರ ನನಗೆ ಹೀಗೇ ಅಸಲಿ ಡಬ್ಬದೊಳಗೆ ಹೊಸದಾಗಿ ತಯಾರಾದ ದೀಪದ ಗಾಜು ಇಟ್ಟು ಕಳಿಸಿದ್ದ. ಗಾಜಿನ ಮೇಲೆ ಫೋಮೋಕೋ, ಅಂದರೆ ಫೋರ್ಡ್ ಮೋಟಾರ್ ಕಂಪನಿಯ ಮುದ್ರೆಯೇ ಇರಲಿಲ್ಲ. ಜಗಳ ಮಾಡಿ ದುಡ್ಡು ವಾಪಸ್ ತೆಗೆದುಕೊಂಡೆ. ಅಂದಿನಿಂದ ನನ್ನ ಮೊದಲ ಪ್ರಶ್ನೆ, ಮುದ್ರೆಯ ಹತ್ತಿರದ ಫೋಟೋ ಕಳಿಸಿ ಅನ್ನುವುದು. ಆದರೂ ಮುದ್ರೆಯೊಂದನ್ನೇ ನಂಬಬೇಡಿ, ಅದನ್ನೂ ಒತ್ತಿ ಮಾರುವ ಹೊಸ ಪಾರ್ಟುಗಳಿವೆ.

ಗುಜರಿ ಅಂಗಳದ ಬಗ್ಗೆ ಜನರಿಗೆ ಕನಸು ಜಾಸ್ತಿ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅರವತ್ತು ವರ್ಷದ ಕಾರಿನ ತಗಡು ಉಪ್ಪಿಗೆ ಉಳಿಯುವುದಿಲ್ಲ. ತಗಡು ಬೇಕಾದರೆ ಅರಿಜೋನಾದಂಥ ಒಣ ಸೀಮೆಯ ಅಂಗಳಗಳೇ ಸರಿ. ಅಲ್ಲಿ ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡು ಸುಟ್ಟು ಹೋಗಿರುತ್ತವೆ, ತಗಡು ಗಟ್ಟಿ. ಮಸ್ಟಾಂಗ್ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: ಯಾವತ್ತೋ ಬಿಚ್ಚಿಕೊಂಡು ಹೋದರು. ಅದಕ್ಕೆ ನಾನು ಫೋರ್ಡಿನದೇ ಫಾಲ್ಕನ್ ಕಾರು ಇದೆಯಾ ಅಂತ ಕೇಳುತ್ತೇನೆ. ಮಸ್ಟಾಂಗ್ ಅನ್ನು ಕಟ್ಟಿದ್ದೇ ಫಾಲ್ಕನ್ ಅಡಿಪಾಯದ ಮೇಲೆ. ಸಸ್ಪೆನ್ಷನ್ನು, ಇಂಜಿನ್ ಕಡೆಯ ಎಷ್ಟೋ ಪಾರ್ಟು ಎರಡಕ್ಕೂ ಹೊಂದುತ್ತವೆ. ಯಾವುದು ಯಾವುದಕ್ಕೆ ಹೊಂದುತ್ತದೆ ಅನ್ನುವುದಕ್ಕೆ ಹಾಲಂಡರ್ ಇಂಟರ್‌ಚೇಂಜ್ ಪುಸ್ತಕ ಅಂಗಳದವರ ಹತ್ತಿರವೇ ಇರುತ್ತದೆ, ಕೇಳಿ. ಫಾಲ್ಕನ್ ಅಂದ ತಕ್ಷಣ ಬೆಲೆ ಇಳಿಯುತ್ತದೆ!

ಕ್ಯಾಟಲಾಗಿನ ಹೊಸ ಪಾರ್ಟಿಗೆ ಎರಡೇ ಮಾತು. ರಬ್ಬರು, ಬ್ರೇಕು, ಕಾರ್ಪೆಟ್ಟು ಅಲ್ಲಿಂದಲೇ ತರಿಸಿ, ಹಳೇದರ ಹುಚ್ಚು ಬೇಡ. ತಗಡು ಮಾತ್ರ ಸಂತೆಗೆ ಮೂರು ಮೊಳ ನೇಯ್ದ ಹಾಗೆ. ನಾನು ತರಿಸಿದ ಮುಂದಿನ ಫೆಂಡರು ಬಾನೆಟ್ ಜೊತೆ ಸಂದಿ ಸರಿಯಾಗಿ ಕೂರಲು ಎರಡು ವಾರಾಂತ್ಯ ತಿಂದಿತು. ನೆಗ್ಗಿದ ಅಸಲಿ ಫೆಂಡರ್ ರಿಪೇರಿ ಮಾಡಿಸುವುದೇ ಮೇಲು.

ಮಾರುವಾಗ ಲೆಕ್ಕ ತಲೆಕೆಳಗು. ಹರ್ಷಿಯಲ್ಲಿ ಪರಿಚಯದವರೊಬ್ಬರ ಮಳಿಗೆಯ ಮೂಲೆಯಲ್ಲಿ ಜಾಗ ಸಿಕ್ಕಿತ್ತು. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಬರುವವರು ಬಹುತೇಕ ವ್ಯಾಪಾರಿಗಳೇ. ಅರ್ಧ ಬೆಲೆಗೆ ಕೇಳಿ, ಅದೇ ಮಧ್ಯಾಹ್ನ ತಮ್ಮ ಮೇಜಿನ ಮೇಲೆ ಇಟ್ಟು ಮಾರುತ್ತಾರೆ. ಕಾರ್ಲೈಲಿನ ಫೋರ್ಡ್ ಮೇಳದಲ್ಲಿ ಹಾಗಲ್ಲ. ಅಲ್ಲಿಗೆ ಬರುವವನ ಜೇಬಿನಲ್ಲಿ ತನ್ನ ಕಾರಿನ ಬಾಗಿಲಿಗೆ ಹೊಡೆದಿರುವ ತಾರೀಖಿನ ತಗಡಿನ ಫೋಟೋ ಇರುತ್ತದೆ. 14ಸಿ ಅಂತ, ಇಲ್ಲಿ ದಿನ ಮೊದಲು, ಅಂದರೆ ಮಾರ್ಚ್ 14. ನನ್ನ ಹತ್ತಿರ ಇರುವ, ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅದಕ್ಕೆ ಕೆಲವು ವಾರ ಮೊದಲಿನದು ಅಂತ ಗೊತ್ತಾದರೆ ಅವನು ಚೌಕಾಸಿಯನ್ನೇ ಮರೆಯುತ್ತಾನೆ. ಬಂಪರು, ಬಾಗಿಲು, ಬಾನೆಟ್‌ನಂಥ ಭಾರದ ಸಾಮಾನನ್ನೂ ನಾನು ಅಲ್ಲೇ ಮಾರುವುದು. ಅವನ್ನು ಪ್ಯಾಕ್ ಮಾಡಿ ಕಳಿಸುವ ಖರ್ಚಿನಲ್ಲಿ ಲಾಭವೆಲ್ಲ ಕರಗುತ್ತದೆ, ಮೂಲೆ ನೆಗ್ಗಿದರೆ ಕಥೆ ಮುಗಿಯಿತು.

ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ನಂಬರೂ ತಾರೀಖೂ ಸ್ಪಷ್ಟವಾಗಿರುವುದು ಆದರೆ ಇಬೇಗೇ ಹಾಕುತ್ತೇನೆ. ನೂರು ಡಾಲರಿಗೆ ಹದಿಮೂರರ ಆಸುಪಾಸು ಅವರ ಪಾಲು. ಕೊಡುವಾಗ ಹೊಟ್ಟೆ ಉರಿಯುತ್ತದೆ, ಆದರೆ ಆ ಒಂದು ತಾರೀಖಿಗಾಗಿ ಕಾಯುತ್ತಿರುವ ಮನುಷ್ಯ ಆರೆಗಾನಿನಲ್ಲೋ ಸ್ವೀಡನ್ನಿನಲ್ಲೋ ಇರಬಹುದು, ಅವನು ಕಾರ್ಲೈಲಿಗೆ ಬರುವುದಿಲ್ಲ. ಜಾಹೀರಾತಿನ ಮೊದಲ ಸಾಲಿನಲ್ಲೇ ಡಬ್ಬದ ನಂಬರ್, ಪಾರ್ಟಿನ ನಂಬರ್ ಎರಡನ್ನೂ ಬರೆಯಿರಿ. ಜನ ಹುಡುಕುವುದು ಅದನ್ನೇ. ಪಾಲಿಶ್ ಮಾಡಿ ಮಿಂಚಿಸಬೇಡಿ. ಕಾರ್ಖಾನೆಯಲ್ಲಿ ಬಳಿದ ಬಣ್ಣದ ಗುರುತು, ಚಾಕ್‌ಪೀಸಿನ ಗೀಟು ಉಳಿದಿದ್ದರೆ ಅದಕ್ಕೂ ಬೆಲೆ ಇದೆ.

ಪೂರ್ತಿ ಕಾರು ಅಥವಾ ಪೂರ್ತಿ ಇಂಜಿನ್ ಮಾರುವುದಾದರೆ 1954ರಿಂದ ಬರುತ್ತಿರುವ ಹೆಮ್ಮಿಂಗ್ಸ್ ಅನ್ನುವ ಹಳೇ ಕಾರಿನ ಪತ್ರಿಕೆಯ ಜಾಹೀರಾತು ಇನ್ನೂ ನಡೆಯುತ್ತದೆ. ಸಣ್ಣ ಪಾರ್ಟಿಗೆ ಅದು ನನಗೆ ಉಪಯೋಗ ಆಗಲಿಲ್ಲ. ಊರಿನ ಸ್ಥಳೀಯ ಆನ್‌ಲೈನ್ ಜಾಹೀರಾತುಗಳಂತೂ ಬೇಡವೇ ಬೇಡ. ಬರುತ್ತೇನೆ ಅಂದವರು ಬರುವುದಿಲ್ಲ, ಬಂದವರು ಸುಮ್ನೆ ಕಾರು ನೋಡಿಕೊಂಡು ಹೋಗುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬುರೇಟರ್ ಕೆಟ್ಟಾಗ ಅಂಗಡಿಯಲ್ಲಿ ರಿಪೇರಿ ಆದದ್ದು ಕೊಟ್ಟು, ನಿಮ್ಮ ಹಳೇದನ್ನು 'ಕೋರ್' ಅಂತ ವಾಪಸ್ ಕೇಳುತ್ತಾರೆ. ಕೊಟ್ಟರೆ ಠೇವಣಿಯ ಚಿಲ್ಲರೆ ದುಡ್ಡು ಸಿಗುತ್ತದೆ, ತಾರೀಖಿನ ಮುದ್ರೆ ಇದ್ದ ಅಸಲಿ ಪಾರ್ಟು ಯಾರದೋ ರಾಶಿಗೆ ಹೋಗುತ್ತದೆ. ಠೇವಣಿ ಬಿಟ್ಟುಬಿಡಿ, ಹಳೇದನ್ನು ಮನೆಗೆ ತನ್ನಿ. ಅದನ್ನೇ ರಿಪೇರಿ ಮಾಡಿ ಕೊಡುವವರು ಪ್ರತಿ ಸಂತೆಯಲ್ಲೂ ಸಿಗುತ್ತಾರೆ.